ನಂಬರ್ ಹೇಳಿ ಸಾರ್

ಎರಡು ಜೊತೆ ಕಾಲುಚೀಲ ಕೊಳ್ಳಲು ಹೋದರೂ ಬಿಲ್ಲು ಹಾಕುವ ಹುಡುಗ ತಲೆ ಎತ್ತದೆ "ನಂಬರ್ ಹೇಳಿ ಸಾರ್" ಅನ್ನುತ್ತಾನೆ. ಕಾಲುಚೀಲಕ್ಕೂ ಮೊಬೈಲಿಗೂ ಏನು ನಂಟು ಅಂತ ನಾವು ಕೇಳುವುದಿಲ್ಲ. ಹಿಂದೆ ನಿಂತವರಿಗೂ ಕೇಳಿಸುವಂತೆ ಹತ್ತೂ ಅಂಕಿ ಒಪ್ಪಿಸಿಬಿಡುತ್ತೇವೆ. ಸಂಜೆಯಿಂದ ಸಾಲ ಬೇಕೇ, ಸೈಟು ಬೇಕೇ ಅಂತ ಫೋನು ಶುರು. ನಂಬರು ಕೊಡಲೇಬೇಕೆಂದು ಗಿರಾಕಿಯನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಹೇಳಿದೆ. ಆ ಹುಡುಗನಿಗೆ ಯಾರೂ ಹೇಳಿದಂತಿಲ್ಲ.

ಕೆದಕಿ ಕೇಳುವುದು ನಮ್ಮಲ್ಲಿ ಹೊಸದೇನಲ್ಲ ಬಿಡಿ. ಹಾಸನದ ಬಸ್ಸು ನೆಲಮಂಗಲ ದಾಟುವುದರೊಳಗೆ ಪಕ್ಕದ ಸೀಟಿನವರಿಗೆ ನಿಮ್ಮ ಊರು, ಜನ, ಸಂಬಳ, ಮಗಳಿಗೆ ಗಂಡು ನೋಡುತ್ತಿದ್ದೀರೋ ಇಲ್ಲವೋ ಎಲ್ಲ ಗೊತ್ತಾಗಿರುತ್ತದೆ. ಅವರು ಕುಣಿಗಲ್ಲಿನಲ್ಲಿ ಇಳಿಯುತ್ತಾರೆ, ಸಂಗತಿಯೂ ಅವರ ಜೊತೆ ಇಳಿದುಹೋಗುತ್ತದೆ. ಕಂಪ್ಯೂಟರಿಗೆ ಹತ್ತಿದ ಸಂಗತಿ ಮಾತ್ರ ಯಾವ ಸ್ಟಾಪಿನಲ್ಲೂ ಇಳಿಯುವುದಿಲ್ಲ.

ಖಾಸಗಿತನವೆಲ್ಲ ಉಳ್ಳವರ ಶೋಕಿ ಅನ್ನುವವರಿದ್ದಾರೆ. ಸುಪ್ರೀಂ ಕೋರ್ಟು ಹಾಗನ್ನಲಿಲ್ಲ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86. ಈಗ ಆ ವಯಸ್ಸಿನವರು ಪೆನ್ಷನ್ನಿಗಾಗಿ ಬದುಕಿದ್ದೇವೆಂದು ಬೆರಳೊತ್ತುತ್ತಾರೆ. ಪುಟ್ಟಸ್ವಾಮಿಯವರು, ಬೆರಳು ಯಾಕೆ ಒತ್ತಬೇಕು ಅಂತ ಕೇಳಿದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಅದಕ್ಕೊಂದು ಕಾನೂನು ಬರಲು ಮತ್ತೆ ಆರು ವರ್ಷ ಹಿಡಿಯಿತು: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023.

ಹೆಸರು ಓದುವಷ್ಟರಲ್ಲಿ ಉಸಿರು ಕಟ್ಟಿದರೂ ಒಳಗಿನ ಹೂರಣ ಚೆನ್ನಾಗಿದೆ. ನನ್ನ ಯಾವ ವಿವರ ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ಅಂತ ಕಂಪನಿಯನ್ನು ಕೇಳಬಹುದು. ತಪ್ಪಿದ್ದರೆ ತಿದ್ದಿಸಬಹುದು, ಕೆಲಸ ಮುಗಿದಿದ್ದರೆ ಅಳಿಸಿ ಅನ್ನಬಹುದು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸು ಪಡೆಯಬಹುದು. ಒಪ್ಪಿಗೆ ಕೇಳುವ ನೋಟೀಸನ್ನು ಕನ್ನಡದಲ್ಲೇ ಓದುವ ಅವಕಾಶವೂ ಉಂಟು. ಸತ್ತ ಮೇಲೆ ಈ ಹಕ್ಕು ಚಲಾಯಿಸಲು ನಾಮಿನಿ ಹೆಸರಿಸಬಹುದು. ಮೊಮ್ಮಗನನ್ನು ಹೆಸರಿಸುವ ಮೊದಲು ನಿಮ್ಮ ಹಳೆಯ ಫೋಟೋಗಳನ್ನೊಮ್ಮೆ ನೋಡಿಕೊಳ್ಳಿ.

ಮಾಹಿತಿ ಸೋರದಂತೆ ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಬಾಯಲ್ಲಿ ನೀರೂರಿಸಿಕೊಳ್ಳಬೇಡಿ, ಅದು ಹೋಗುವುದು ಸರ್ಕಾರದ ಬೊಕ್ಕಸಕ್ಕೆ. ನೊಂದವನಿಗೆ ಬಿಡಿಗಾಸೂ ಇಲ್ಲ. ಸುಳ್ಳು ದೂರು ಕೊಟ್ಟರೆ ನಿಮಗೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಇನ್ನು ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು ಈ ಕಾಯ್ದೆಯಿಂದ ಹೊರಗಿಡಬಹುದು. ಊಟ ಬಡಿಸುವವರು ನಮ್ಮವರಾದರೆ ಕೊನೇ ಪಂಕ್ತಿಯಾದರೇನು!

ಮೊನ್ನೆ ಪಾರ್ಕಿನ ಬಳಿ ಕಡಲೆಕಾಯಿ ಕೊಂಡೆ. ಪೊಟ್ಟಣ ಬಿಚ್ಚಿದರೆ ಯಾರದೋ ಆಧಾರ್ ಕಾರ್ಡಿನ ಜೆರಾಕ್ಸು. ಮಸಿ ಹರಡಿದ್ದ ಮುಖ, ಕೆಳಗೆ ನಿಚ್ಚಳವಾಗಿ ಹನ್ನೆರಡು ಅಂಕಿ, ಹಿಂಬದಿಯಲ್ಲಿ ಮನೆ ವಿಳಾಸ, ಮೂಲೆಯಲ್ಲಿ ಉಪ್ಪು. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಪ್ರತಿಯೆಂದು ಬಿಸಾಡಿದ್ದಿರಬೇಕು. ಹೊಸ ಕಾಯ್ದೆ ಈ ಪೊಟ್ಟಣದ ತಂಟೆಗೆ ಬರುವುದಿಲ್ಲ, ಅದಕ್ಕೆ ಬೇಕಾದದ್ದು ಡಿಜಿಟಲ್ ರೂಪಕ್ಕೆ ಬಂದ ಮಾಹಿತಿ. ಚೂರುಚೂರು ಮಾಡಿ ಕಸದ ಡಬ್ಬಿಗೆ ಹಾಕಿದೆ. ಕೆಟ್ಟ ಪ್ರತಿಯನ್ನು ಕೇಳಿ ಪಡೆದು ಹರಿಯುವುದಕ್ಕೆ ಪಾರ್ಲಿಮೆಂಟು ಸೇರಬೇಕಿಲ್ಲ.

ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಹಕ್ಕುಗಳ ಭಾಗಕ್ಕೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು, ಅಂದರೆ 2027ರ ಮೇ. ಕೇಳುವವರಿಲ್ಲದಿದ್ದರೆ ಯಾವ ಹಕ್ಕೂ ಗೆಜೆಟ್ಟಿನ ಹಾಳೆ ಬಿಟ್ಟು ಏಳುವುದಿಲ್ಲ. ಅಷ್ಟರೊಳಗೆ ಯಾವ ಯಾವ ಆ್ಯಪಿಗೆ ಏನೇನು ಕೊಟ್ಟಿದ್ದೀರಿ ಅಂತ ಪಟ್ಟಿ ಮಾಡಿಟ್ಟುಕೊಳ್ಳಿ. ಪಟ್ಟಿಯನ್ನು ಮಾತ್ರ ಇನ್ನೊಂದು ಆ್ಯಪಿನಲ್ಲಿ ಬರೆದಿಡಬೇಡಿ.