ಬಸವರಾಜದುರ್ಗದ ನಡುಗಡ್ಡೆಗೆ

ಡಿಸೆಂಬರ ತಿಂಗಳು ಬಂದಿತೆಂದರೆ ಘಟಪ್ರಭೆಯ ದಂಡೆಯ ನಮ್ಮ ಊರುಗಳಲ್ಲಿ ಬೆಳಗಿನ ಸ್ನಾನವೇ ಒಂದು ತಪಸ್ಸು. ಗೋಕಾಕದಿಂದ ಮೂಡಲಗಿಯವರೆಗೆ ಕಬ್ಬಿನ ಹೊಲಗಳ ಮೇಲೆ ಮಂಜು ಕವಿದಿರುತ್ತದೆ. ಕಬ್ಬು ಕಾರ್ಖಾನೆಗೆ ಹೋಗುವ ಸಮಯವಾದ್ದರಿಂದ ರೈತನಿಗೆ ಇದು ಬಿಡುವಿನ ಕಾಲವೂ ಅಲ್ಲ. ಆದರೆ ದೂರದ ಪಟ್ಟಣಗಳಲ್ಲಿ ನೌಕರಿಯಲ್ಲಿರುವ ಮಕ್ಕಳಿಗೆ ವರ್ಷದ ಕೊನೆಯ ವಾರ ರಜೆ ಸಿಗುತ್ತದೆ. ಅಂಡಮಾನ, ಬಾಲಿ, ಮಾಲ್ಡೀವ್ಸ್ ಎಂಬ ಹೆಸರುಗಳು ಈಗ ನಮ್ಮ ಪಡಸಾಲೆಗಳಲ್ಲಿಯೂ ಕೇಳಿಬರುತ್ತವೆ. ಕಳೆದ ವರ್ಷ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿಯ ಮೂರು ಬೀಗರ ಮನೆಗಳವರು ಬೆಚ್ಚಗಿನ ನಡುಗಡ್ಡೆಯೊಂದಕ್ಕೆ ಹೋಗುವ ಮಾತನ್ನು ನಮ್ಮ ಮುಂದೆ ಎತ್ತಿದಾಗ, ‘ಅಷ್ಟು ದೂರವೇಕೆ? ನಮ್ಮ ಅರಸರ ನಡುಗಡ್ಡೆಯೇ ಹೊನ್ನಾವರದ ಎದುರಿಗಿದೆ’ ಎಂದೆವು. ಹೇಳಿದ ತಪ್ಪಿಗೆ ನಾವೂ ಹೊರಡಬೇಕಾಯಿತು.

ಯರಗಟ್ಟಿ, ಸವದತ್ತಿ, ಧಾರವಾಡ, ಕಲಘಟಗಿ, ಯಲ್ಲಾಪುರ. ಅರಬೈಲ ಘಟ್ಟ ಇಳಿಯುತ್ತಿದ್ದಂತೆ ಶಾಲುಗಳು ಒಂದೊಂದಾಗಿ ಮಡಿಲಿಗೆ ಬಂದವು. ಅಂಕೋಲೆಯಲ್ಲಿ ಮಕ್ಕಳು ಸ್ವೆಟರು ಕಿತ್ತೆಸೆದರು. ಮೊಣಕಾಲು ನೋವಿನಿಂದ ನರಳುತ್ತಿದ್ದ ಮೂಡಲಗಿಯ ಹಿರಿಯ ತಾಯಿಯೊಬ್ಬರು ಹೊನ್ನಾವರದಲ್ಲಿ ಯಾರ ಕೈಯನ್ನೂ ಹಿಡಿಯದೆ ಗಾಡಿಯಿಂದ ಇಳಿದರು.

ಬಸವರಾಜದುರ್ಗವು ಶರಾವತಿಯ ಸಂಗಮದಿಂದ ವಾಯವ್ಯಕ್ಕೆ, ಪಾವಿನಕುರ್ವೆಯ ಎದುರಿಗೆ ಕಡಲಿನಲ್ಲಿ ನಿಂತಿದೆ. ದೂರದಿಂದ ಕಂಡಾಗ ನೆತ್ತಿ ಚಪ್ಪಟೆಯಾದ ಹಸಿರು ಗುಡ್ಡ. ಸಮೀಪಿಸಿದಂತೆ ಕೆಂಪು ಮುರಕಲ್ಲಿನ ಕೋಟೆಗೋಡೆಗಳು ಕಾಣುತ್ತವೆ. ಕೆಳದಿಯ ರಾಜಕುಮಾರ ಬಸವರಾಜನ ಹೆಸರನ್ನು ಇದು ಹೊತ್ತಿದೆ. ಕೆಳದಿಯ ಅರಸರು ಲಿಂಗಧಾರಿಗಳು. ಮಲೆನಾಡಿನಲ್ಲಿ ಕುಳಿತಿದ್ದರೂ ಅವರ ಕಣ್ಣು ಕಡಲಿನ ಮೇಲಿತ್ತು, ಏಕೆಂದರೆ ಅವರ ಕಾಳುಮೆಣಸು ಮತ್ತು ಅಕ್ಕಿ ಹಡಗೇರುತ್ತಿದ್ದುದು ಇಲ್ಲಿಂದಲೇ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ತುಗೀಸ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದನು. ಮುಂದೆ 1650ರ ದಶಕದಲ್ಲಿ ಶಿವಪ್ಪ ನಾಯಕನು ಹೊನ್ನಾವರ, ಬಸರೂರು, ಗಂಗೊಳ್ಳಿಗಳನ್ನು ಪೋರ್ತುಗೀಸರಿಂದ ಕಸಿದುಕೊಂಡನು. 1763ರಲ್ಲಿ ಹೈದರಲಿಯು ಬಿದನೂರನ್ನು ಹಿಡಿಯುವುದರೊಂದಿಗೆ ಆ ರಾಜ್ಯವು ಕೊನೆಗೊಂಡಿತು. ಕಡಲು ದಾಟಬಾರದೆಂಬುದು ಕೆಲವು ಧರ್ಮಶಾಸ್ತ್ರಗಳ ಮಾತು. ದೇವರನ್ನು ಅಂಗೈಯಲ್ಲಿ ಹಿಡಿದು ಪೂಜಿಸುವವನಿಗೆ ಅಂತಹ ನಿರ್ಬಂಧ ಎಲ್ಲಿಯದು? ದಾರಿಯುದ್ದಕ್ಕೂ ಇದನ್ನೇ ವಿಸ್ತರಿಸಿ ಹೇಳಿದ್ದೆವು.

ಪಾವಿನಕುರ್ವೆಯ ದಂಡೆಯಲ್ಲಿ ಆ ಮಾತೆಲ್ಲ ನಿಂತುಹೋಯಿತು. ದೋಣಿಯವನು ಲೈಫ್ ಜಾಕೆಟ್ ಹಂಚುತ್ತಿದ್ದನು. ಮೂಡಲಗಿಯ ತಾಯಿ ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಗಳಿಂದ ಅವುಚಿಕೊಂಡು ಹಿಂದೆ ಸರಿದರು.

“ಇದರ ಬೆಲ್ಟಿಗೆ ಸಿಕ್ಕು ಶಿವದಾರ ಹರೀತಂದ್ರ? ನಾ ಬರೂದಿಲ್ರಿ ಗುರುಗಳ.”

“ಗಾಡ್ಯಾಗ ತಗದಿಟ್ಟು ಬಾರs ಆಯಿ” ಎಂದನು ಮೊಮ್ಮಗ. ಅವರು ಅವನನ್ನು ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿದನು. ಬಳಿಕ ನಮ್ಮ ಕಡೆಗೆ ತಿರುಗಿದರು.

“ಲಿಂಗಪ್ಪ ಕಳದ್ರ ಜೀವ ಇಟ್ಕೋಬಾರದಂತ ನೀವs ಪುರಾಣದಾಗ ಹೇಳಿದ್ರಲ್ರಿ.”

ನಿಜ. ಅವರ ಊರಿನ ಶ್ರಾವಣದ ಪುರಾಣದಲ್ಲಿ ನಾವು ಹಾಗೆ ಹೇಳಿದ್ದುಂಟು. ಹಿಂದಿನವರ ನಿಷ್ಠೆ ಹಾಗಿತ್ತೆಂಬುದೂ ನಿಜ. ಆದರೆ ಪೀಠದ ಮೇಲೆ ಕುಳಿತು ಹೇಳದೆ ಬಿಟ್ಟ ಮಾತೊಂದಿತ್ತು. ಅದನ್ನು ಆ ಉಸುಕಿನ ಮೇಲೆ ನಿಂತು ಹೇಳಿದೆವು.

ಮಠದಲ್ಲಿ ಓದುತ್ತಿದ್ದಾಗ, ಹದಿನಾಲ್ಕರ ಪ್ರಾಯದಲ್ಲಿ, ಘಟಪ್ರಭೆಯಲ್ಲಿ ಈಸುವಾಗ ನಮ್ಮ ಕೊರಳಿನ ಲಿಂಗವಸ್ತ್ರದ ಗಂಟು ಸಡಿಲಿ ಲಿಂಗವು ನೀರಿನ ಪಾಲಾಯಿತು. ಸಂಜೆಯವರೆಗೆ ಉಸುಕನ್ನು ಬಗೆದರೂ ಸಿಗಲಿಲ್ಲ. ಹೆದರಿಕೆಯಿಂದ ಹೊಳೆಯ ಹರಳೊಂದನ್ನು ಆ ವಸ್ತ್ರದಲ್ಲಿ ಕಟ್ಟಿಕೊಂಡು ಮೂರು ದಿನ ಎಲ್ಲರ ಸಾಲಿನಲ್ಲಿ ಕುಳಿತು ಪೂಜೆಯ ಸೋಗು ಹಾಕಿದೆವು. ನಾಲ್ಕನೆಯ ದಿನ ಗುರುಗಳಿಗೆ ತಿಳಿಯಿತು. ಅವರು ಹೊಡೆಯಲಿಲ್ಲ. ‘ಲಿಂಗ ಹೋದದ್ದು ಹೊಳೆಯಿಂದ. ಹರಳು ಕಟ್ಟಿಕೊಂಡದ್ದು ನಿನ್ನಿಂದ’ ಎಂದಷ್ಟೇ ನುಡಿದು ಮತ್ತೊಂದು ಲಿಂಗವನ್ನು ಅನುಗ್ರಹಿಸಿದರು. ಜೀವ ಬಿಡು ಎನ್ನಲಿಲ್ಲ.

ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. “ಇಷ್ಟ್ ವರ್ಷ ಯಾಕ್ ಹೇಳಲಿಲ್ರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಸೊಸೆಯು ಕರಡಿಗೆಯನ್ನು ಅರಿವೆಯಲ್ಲಿ ಸುತ್ತಿ, ಸೆರಗಿನಿಂದ ಎದೆಗೆ ಬಿಗಿದು ಕಟ್ಟಿ, ಅದರ ಮೇಲೆ ಜಾಕೆಟ್ ತೊಡಿಸಿದಳು. ದೋಣಿ ಅಲೆಯ ಮೇಲೆ ಏರಿದಾಗಲೆಲ್ಲ ಅವರ ಬಾಯಿಯಲ್ಲಿ ಪಂಚಾಕ್ಷರಿ. ನಮ್ಮ ಕೈಯೂ ನಮ್ಮ ಎದೆಯ ಮೇಲಿತ್ತೆಂದು ಹೇಳಲು ಈಗ ಸಂಕೋಚವಿಲ್ಲ.

ದುರ್ಗದ ಗೋಡೆಯ ನೆರಳಿನಲ್ಲಿ, ಮನೆಯಿಂದ ತಂದಿದ್ದ ನೀರಿನಿಂದ ಎಲ್ಲರೂ ಪೂಜೆಗೆ ಕುಳಿತೆವು. ಕಡಲ ಗಾಳಿಗೆ ವಿಭೂತಿ ಹಾರಿ ಪಕ್ಕದವರ ಮೇಲೆ ಬೀಳುತ್ತಿತ್ತು. ಮೊಮ್ಮಗ ಮಾತ್ರ ದೂರ ನಿಂತಿದ್ದನು. ಅವನ ಲಿಂಗವು ಬೆಂಗಳೂರಿನ ಕೋಣೆಯ ಸೂಟಕೇಸಿನಲ್ಲಿದೆಯೆಂದು ಆಗಲೇ ಎಲ್ಲರಿಗೂ ತಿಳಿದದ್ದು. ಅಜ್ಜಿ ಏನೂ ಅನ್ನಲಿಲ್ಲ. ಪೂಜೆ ಮುಗಿದ ಬಳಿಕ ಅವನನ್ನು ಹತ್ತಿರ ಕರೆದು ಹಣೆಗೆ ವಿಭೂತಿ ಹಚ್ಚಿ, ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಗೋಕಾಕದ ಕರದಂಟು ಬಡಿಸಿದರು.

ಹಿಂದಿರುಗುವಾಗ ಯಲ್ಲಾಪುರದಲ್ಲಿ ಮತ್ತೆ ಚಳಿ ಹಿಡಿಯಿತು. ಶಾಲು ಹೊದ್ದುಕೊಂಡು ತಾಯಿ ಕೇಳಿದರು: “ಗುರುಗಳ, ಆ ಅಂಡಮಾನಕ್ಕ ಹಡಗದಾಗ ಎಷ್ಟ್ ದಿನಾ ಆಗತೈತ್ರಿ?”

ಚೆನ್ನೈಯಿಂದ ಸುಮಾರು ಮೂರು ದಿನವೆಂದೆವು. ಅವರು ಬೆರಳು ಮಡಚಿ ಎಣಿಸತೊಡಗಿದರು.