ಹತ್ತಾ ಬೆಟ್ಟದಲ್ಲಿ ಸೈಕಲ್ ಪಾಠ

ದುಬೈ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಮುಗಿಲು ಮುಟ್ಟುವ ಕಟ್ಟಡಗಳು, ಚಿನ್ನದ ಅಂಗಡಿಗಳು, ರಜೆಯಲ್ಲಿ ಊರಿಗೆ ಬರುವವರ ದೊಡ್ಡ ದೊಡ್ಡ ಪೆಟ್ಟಿಗೆಗಳು. ನನಗೂ ಹಾಗೆಯೇ ಇತ್ತು. ಆದರೆ ಜನವರಿಯ ಕೊನೆಯಲ್ಲಿ ಹತ್ತು ದಿನ ರಜೆ ಹಾಕಿ ಶಾರ್ಜಾದಲ್ಲಿರುವ ತಮ್ಮನ ಮನೆಗೆ ಹೋದಾಗ ನಾನು ಕಂಡದ್ದು ಬೇರೆ. ಅಲ್ಲಿನ ಒಂದು ಬೋಳು ಬೆಟ್ಟದಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಸೈಕಲ್ ಕಲಿಯುವುದನ್ನು ಇಡೀ ದಿನ ಕುಳಿತು ನೋಡಿದೆ. ಆಕೆ ನನ್ನ ತಮ್ಮನ ಮಗಳು.

ನಾನು ಹೋಗುವ ಹೊತ್ತಿಗೆ ಆ ಮನೆಯಲ್ಲಿ ಈ ಸೈಕಲ್ಲೇ ದೊಡ್ಡ ತಕರಾರಾಗಿತ್ತು. ನವೆಂಬರ್‌ನಲ್ಲಿ ಹುಡುಗಿ ಬೆಟ್ಟದ ಇಳಿಜಾರಿನಲ್ಲಿ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಆರು ವಾರ ಪ್ಲಾಸ್ಟರು. ಈಗ ಕೈ ವಾಸಿಯಾಗಿದೆ, ವೈದ್ಯರೂ ಒಪ್ಪಿದ್ದಾರೆ. ಆದರೆ ತಾಯಿ ಒಪ್ಪಲಿಲ್ಲ. “ಹೆಣ್ಣು ಮಗು, ಕೈಕಾಲು ಊನವಾದರೆ ನಾಳೆ ಯಾರು ನೋಡುತ್ತಾರೆ ಆಪಾ?” ಎಂದು ನನ್ನ ಮುಂದೆ ಕಣ್ಣೀರು ಹಾಕಿದಳು. ತಮ್ಮ ಮಾತ್ರ ಏನೂ ಹೇಳದೆ, “ನೀವೇ ಒಮ್ಮೆ ಬಂದು ನೋಡಿ ಆಪಾ. ನಿಮ್ಮ ಮಾತು ಕೇಳಿ ನಿರ್ಧಾರ ಮಾಡುತ್ತೇನೆ” ಎಂದ. ಹುಡುಗಿ ನನ್ನ ಕೈ ಹಿಡಿದು, “ಫುಪ್ಪು, ನೀವು ಬೇಡ ಎಂದರೆ ನಾನೂ ಬಿಡುತ್ತೇನೆ” ಎಂದಳು. ನೋಡಿ, ಎಂತಹ ಭಾರ ನನ್ನ ತಲೆಯ ಮೇಲೆ ಬಂತು!

ಹೊರಡುವ ಹಿಂದಿನ ಸಂಜೆ ಮಕ್ಕಳು ನನ್ನನ್ನು ಮನೆ ಹತ್ತಿರದ ಉದ್ಯಾನಕ್ಕೆ ಕರೆದೊಯ್ದರು. ಅಲ್ಲಿ ಅಲೆ ಅಲೆಯಾಗಿ ಏರಿಳಿಯುವ, ಸುತ್ತಿ ಮತ್ತೆ ಅಲ್ಲಿಗೇ ಬರುವ ಒಂದು ಕಿರು ಹಾದಿ. ಅದಕ್ಕೆ ಪಂಪ್ ಟ್ರ್ಯಾಕ್ ಎನ್ನುತ್ತಾರೆ. ಎಂಟು ವರ್ಷದ ಕಿರಿಯವನು ತನ್ನ ಪುಟ್ಟ ಬಿಎಂಎಕ್ಸ್ ಸೈಕಲ್ ತಂದಿದ್ದ. ಇಪ್ಪತ್ತು ಇಂಚಿನ ಚಕ್ರ, ಗೇರಿಲ್ಲ, ಗಟ್ಟಿ ಮೈ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಹುಡುಗರು ಮಣ್ಣಿನ ಹಾದಿಯ ಮೋಟಾರ್‌ಸೈಕಲ್ ಓಟವನ್ನು ನೋಡಿ ತಮ್ಮ ಸೈಕಲ್ಲಿನಲ್ಲೂ ಹಾಗೇ ಮಾಡತೊಡಗಿದ್ದರಿಂದ ಹುಟ್ಟಿದ ಆಟವಿದು. 2008ರಿಂದ ಒಲಿಂಪಿಕ್ಸ್‌ನಲ್ಲೂ ಇದೆ. ಪಂಪ್ ಟ್ರ್ಯಾಕ್‌ನಲ್ಲಿ ಪೆಡಲ್ ತುಳಿಯದೆಯೇ ಹೋಗಬೇಕು. ದಿಬ್ಬ ಏರುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲುಗಳಿಂದ ಸೈಕಲ್ಲನ್ನು ಕೆಳಕ್ಕೆ ಒತ್ತಿದರೆ ವೇಗ ತಾನಾಗಿ ಬರುತ್ತದೆ. ಜೋಕಾಲಿ ಜೀಕುವುದನ್ನು ನೆನಪಿಸಿಕೊಳ್ಳಿ, ಅದೇ ಲೆಕ್ಕ. ಅಕ್ಕ ಕೂಡ ಇಲ್ಲೇ ಎರಡು ವರ್ಷ ಸುತ್ತಿದ ಮೇಲೆಯೇ ಬೆಟ್ಟಕ್ಕೆ ಹೋದದ್ದಂತೆ.

ಮರುದಿನ ಫಜ್ರ್ ನಮಾಝ್ ಮುಗಿಸಿ ಹೊರಟೆವು. ಹತ್ತಾ ಊರು ದುಬೈ ಆಡಳಿತಕ್ಕೆ ಸೇರಿದ್ದರೂ ದುಬೈ ನಗರದಿಂದ ಸುಮಾರು 130 ಕಿ.ಮೀ. ದೂರ, ಒಮಾನ್ ಗಡಿಯ ಪಕ್ಕದಲ್ಲಿದೆ. ಹಳೆಯ ದಾರಿ ನಡುವೆ ಸ್ವಲ್ಪ ಒಮಾನ್ ನೆಲದ ಮೇಲೆ ಹಾದುಹೋಗುವುದರಿಂದ ನಾವು ಶಾರ್ಜಾದ ಮಲೀಹಾ ಕಡೆಯ ದಾರಿ ಹಿಡಿದೆವು. ಮರಳು ಮುಗಿದು ಬೆಟ್ಟ ಶುರುವಾಗುವ ಜಾಗ ಬಹಳ ಚೆಂದ. ಈ ಸಾಲಿಗೆ ಹಜರ್ ಪರ್ವತ ಎಂದು ಹೆಸರು. ಹಜರ್ ಎಂದರೆ ಅರಬಿಯಲ್ಲಿ ಕಲ್ಲು. ಹೆಸರಿಗೆ ತಕ್ಕಂತೆ ಎಲ್ಲಿ ನೋಡಿದರೂ ಕಂದು ಬಣ್ಣದ ಕಲ್ಲೇ. ಮಲೆನಾಡಿನಿಂದ ಹೋದ ನನಗೆ ಹಸಿರಿಲ್ಲದ ಬೆಟ್ಟವೂ ಇಷ್ಟು ಗಂಭೀರವಾಗಿರುತ್ತದೆಯೇ ಎನಿಸಿತು. ಊರಿನೊಳಗೆ ಖರ್ಜೂರದ ತೋಟಗಳು, 1780ರ ಹಳೆಯ ಜುಮಾ ಮಸೀದಿ, 1896ರ ಕೋಟೆ ಇವೆ. ಆಚೆ ಬೆಟ್ಟಗಳ ನಡುವೆ ಅಣೆಕಟ್ಟಿನ ನೀಲಿ ನೀರು.

ಈ ಬೆಟ್ಟಗಳಲ್ಲಿ ಸೈಕಲ್ಲಿಗೆಂದೇ ಸುಮಾರು 50 ಕಿ.ಮೀ. ಕಾಲುಹಾದಿ ಮಾಡಿದ್ದಾರೆ. ಹಾದಿಗಳಿಗೆ ಬಣ್ಣದ ಗುರುತು. ಹಸಿರು ಕಲಿಯುವವರಿಗೆ, ನೀಲಿ ಸ್ವಲ್ಪ ಕಲಿತವರಿಗೆ, ಕೆಂಪು ಪಳಗಿದವರಿಗೆ, ಕಪ್ಪು ತೀರಾ ನುರಿತವರಿಗೆ. ನಮ್ಮ ಹುಡುಗಿ ಬಿದ್ದದ್ದು ನೀಲಿಯಲ್ಲಿ.

ಅಂದು ಆರು ಹುಡುಗಿಯರು ಸೇರಿದ್ದರು. ಉದ್ದ ತೋಳಿನ ಅಂಗಿ, ಸಡಿಲ ಪ್ಯಾಂಟು, ಸ್ಕಾರ್ಫಿನ ಮೇಲೆ ಹೆಲ್ಮೆಟ್, ಮೊಣಕಾಲು ಮೊಣಕೈಗೆ ಪಟ್ಟಿ, ಕೈಗವಸು. ಕಲಿಸುವ ಮಹಿಳೆ ಸುಮಾರು ನನ್ನ ವಯಸ್ಸಿನವರು. ಬಂದ ಕೂಡಲೇ ಬೆಟ್ಟ ಹತ್ತಿಸುತ್ತಾರೆ ಎಂದುಕೊಂಡಿದ್ದೆ. ಇಲ್ಲ, ಒಂದೂವರೆ ಗಂಟೆ ಸಮತಟ್ಟಾದ ಬಯಲಿನಲ್ಲೇ ಪಾಠ.

ಮೊದಲನೆಯದು ನಿಲ್ಲುವುದು. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರಬಾರದು. ಎರಡು ಪೆಡಲೂ ನೆಲಕ್ಕೆ ಸಮನಾಗಿಟ್ಟು, ಅವುಗಳ ಮೇಲೆ ನಿಂತು, ಮೊಣಕಾಲು ಮೊಣಕೈ ಸ್ವಲ್ಪ ಮಡಚಿ, ಸೊಂಟ ಹಿಂದಕ್ಕೆ ಸರಿಸಬೇಕು. ಆಗ ಕಲ್ಲಿನ ಹೊಡೆತವನ್ನು ಮೈಯಲ್ಲ, ಮಡಚಿದ ಕೈಕಾಲುಗಳು ತಾಳಿಕೊಳ್ಳುತ್ತವೆ.

ಎರಡನೆಯದು ಬ್ರೇಕು. ನಮ್ಮ ಹುಡುಗಿ ಬಿದ್ದದ್ದು ಇದರಲ್ಲೇ. ಹೆದರಿ ಮುಂದಿನ ಬ್ರೇಕನ್ನು ಮುಷ್ಟಿ ಬಿಗಿದು ಹಿಡಿದಳು, ಜಲ್ಲಿಯಲ್ಲಿ ಚಕ್ರ ಕಚ್ಚಿಕೊಂಡಿತು, ಹ್ಯಾಂಡಲ್ ದಾಟಿ ಹಾರಿದಳು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಸೈಕಲ್ಲನ್ನು ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕೇ. ಹಾಗೆಂದೇ ಅದನ್ನು ಬಿಡಲೂ ಆಗದು, ಒಮ್ಮೆಲೇ ಹಿಡಿಯಲೂ ಆಗದು. ಎರಡೂ ಬ್ರೇಕಿನ ಮೇಲೆ ಒಂದೊಂದೇ ಬೆರಳು, ಹಿಂಡಿದಂತೆ ಮೆಲ್ಲಗೆ. ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ. ನೆಲದ ಮೇಲೆ ಕಲ್ಲಿಟ್ಟು ಅಲ್ಲಿಗೆ ಸರಿಯಾಗಿ ನಿಲ್ಲುವುದನ್ನು ಇಪ್ಪತ್ತು ಸಲ ಮಾಡಿಸಿದರು. ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿ 1970ರ ದಶಕದಲ್ಲಿ ಹಳೆಯ ಭಾರದ ಸೈಕಲ್‌ಗಳಲ್ಲಿ ಬೆಟ್ಟ ಇಳಿದವರಿಂದಲೇ ಈ ಆಟ ಬೆಳೆಯಿತು. ಇಳಿಯುವಷ್ಟರಲ್ಲಿ ಅವರ ಹಿಂದಿನ ಚಕ್ರದ ಬ್ರೇಕು ಕಾದು ಒಳಗಿನ ಗ್ರೀಸೇ ಸುಟ್ಟುಹೋಗುತ್ತಿತ್ತಂತೆ. ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗಿದ್ದರಿಂದ ಆ ಹಾದಿಗೆ ‘ರೀಪ್ಯಾಕ್’ ಎಂದೇ ಹೆಸರಾಯಿತು.

ಮೂರನೆಯದು ಕಣ್ಣು. ಕಲ್ಲನ್ನು ನೋಡಿದರೆ ಸೈಕಲ್ ಕಲ್ಲಿಗೇ ಹೋಗುತ್ತದೆ. ಹೋಗಬೇಕಾದ ಜಾಗವನ್ನು ನೋಡಬೇಕು. ತಿರುವಿನಲ್ಲಿ ಹೊರಗಡೆಯ ಪೆಡಲ್ ಕೆಳಗಿರಬೇಕು, ಕಣ್ಣು ತಿರುವಿನ ಕೊನೆಯಲ್ಲಿರಬೇಕು. ಎರಡು ಸಾಲು ಕಲ್ಲುಗಳ ನಡುವಿನ ಒಂದಡಿ ಅಗಲದ ದಾರಿಯಲ್ಲಿ ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ, ಕಾಲೂರದೆ ಹೋಗಬೇಕು. ವೇಗಕ್ಕಿಂತ ನಿಧಾನವೇ ಕಷ್ಟ ಎಂದು ಅಂದು ಗೊತ್ತಾಯಿತು.

ಇದನ್ನೆಲ್ಲ ನೋಡುತ್ತಾ ನನಗೆ ಮದ್ರಸದ ದಿನಗಳು ನೆನಪಾದವು. ಹಿಫ್ಝ್ ಮಾಡುವ ಮಕ್ಕಳು ಹೊಸ ಪಾಠವಾದ ಸಬಕ್ ಒಪ್ಪಿಸಿದರೆ ಮುಗಿಯುವುದಿಲ್ಲ. ಈಚೆಗೆ ಕಲಿತ ಸಬಕಿ, ಹಿಂದೆಂದೋ ಕಲಿತ ಮಂಜಿಲ್, ಇವನ್ನೂ ದಿನವೂ ಒಪ್ಪಿಸಬೇಕು. ಇಲ್ಲಿಯೂ ಅಷ್ಟೇ. ಎರಡು ವರ್ಷ ಕಲಿತವಳೂ ನಿಲ್ಲುವುದರಿಂದಲೇ ಆರಂಭಿಸಬೇಕು.

ನಂತರ ಹಸಿರು ಹಾದಿಯಲ್ಲಿ ಒಂದು ಸುತ್ತು. ಆಮೇಲೆ ನೀಲಿ. ತಮ್ಮನೂ ನಾನೂ ಆ ಇಳಿಜಾರಿನ ಪಕ್ಕಕ್ಕೆ ನಡೆದುಹೋಗಿ ನಿಂತೆವು. ತಮ್ಮನ ತುಟಿ ದುಆದಲ್ಲಿ ಅಲುಗುತ್ತಿತ್ತು. ಹುಡುಗಿ ಬಂದವಳು ತಾನು ಬಿದ್ದ ಜಾಗದ ಮೇಲ್ಗಡೆ ನಿಲ್ಲಿಸಿದಳು. ಸೈಕಲ್ ಮಲಗಿಸಿ, ನಡೆದು ಇಳಿದು, ಒಂದೊಂದು ಕಲ್ಲನ್ನೂ ನೋಡಿದಳು. ಮೇಲೆ ಹೋಗಿ ಮತ್ತೊಮ್ಮೆ ನೋಡಿದಳು. ನಂತರ ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡೇ ಕೆಳಗೆ ಬಂದಳು. “ಇವತ್ತು ಬೇಡ ಅಬ್ಬಾ, ಕೈ ಇನ್ನೂ ಬಿಗಿಯುತ್ತಿದೆ” ಎಂದಳು. ಕಲಿಸುವವರು ಬೆನ್ನು ತಟ್ಟಿದರು. ಯಾರೂ ನಗಲಿಲ್ಲ.

ಅಣೆಕಟ್ಟಿನ ಬಳಿ ಊಟಕ್ಕೆ ಕುಳಿತಾಗ ಹುಡುಗಿ ನನಗೆ ಶಾರ್ಲೆಟ್ ವರ್ದಿಂಗ್ಟನ್ ಎಂಬ ಇಂಗ್ಲೆಂಡಿನ ಯುವತಿಯ ಕಥೆ ಹೇಳಿದಳು. ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದವಳು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್ 1ರಂದು, ಬಿಎಂಎಕ್ಸ್‌ನ ಮೊದಲ ಸರದಿಯಲ್ಲಿ ಗಾಳಿಯಲ್ಲಿ ಹಿಮ್ಮುಖವಾಗಿ ಲಾಗ ಹಾಕುತ್ತಲೇ ಪೂರ್ತಿ ಒಂದು ಸುತ್ತು ತಿರುಗಲು ಹೋಗಿ ಬಿದ್ದಳು. ಎರಡನೇ ಸರದಿಯಲ್ಲಿ ಮತ್ತೆ ಅದನ್ನೇ ಮಾಡಿ, ಸರಿಯಾಗಿ ಇಳಿದು, 97.50 ಅಂಕದೊಂದಿಗೆ ಚಿನ್ನ ಗೆದ್ದಳು. “ಅದು ಧೈರ್ಯ ಬೇಟಾ” ಎಂದೆ. “ಅಲ್ಲ ಫುಪ್ಪು, ಇಂಥದ್ದನ್ನೆಲ್ಲ ಮೊದಲು ಸ್ಪಂಜಿನ ತುಂಡು ತುಂಬಿದ ಹೊಂಡದಲ್ಲಿ ಬಿದ್ದು ಬಿದ್ದು ಕಲಿಯುತ್ತಾರೆ” ಎಂದಳು.

ಬರುವಾಗ ತಮ್ಮ ನನ್ನ ಅಭಿಪ್ರಾಯ ಕೇಳಿದ. “ಬೀಳಬಹುದು, ಇಲ್ಲವೆನ್ನಲಾರೆ. ಆದರೆ ಎಲ್ಲಿ ಇಳಿಯಬೇಕೆಂದು ಅವಳಿಗೆ ಗೊತ್ತಿದೆ. ಕಲಿಯಲಿ” ಎಂದೆ. “ಅವಳು ಇಂದು ಇಳಿದುಬಿಟ್ಟಿದ್ದರೆ ನಾನು ನಿಲ್ಲಿಸಿಬಿಡುತ್ತಿದ್ದೆ ಆಪಾ. ನಡೆದು ಬಂದಳಲ್ಲ, ಅದಕ್ಕೇ ಬಿಡುತ್ತೇನೆ” ಎಂದ. ತಾಯಿಯನ್ನು ಒಪ್ಪಿಸಲು ಇನ್ನೂ ಎರಡು ದಿನ ಬೇಕಾಯಿತು. ಮುಂದಿನ ವಾರ ತಾನೂ ಜೊತೆಗೆ ಬರುವ ಶರತ್ತಿನ ಮೇಲೆ ಒಪ್ಪಿದಳು.

ಸಹೋದರಿಯರೇ, 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನಮ್ಮ ಶಾಲೆಯ ಕೆಲವು ಹುಡುಗಿಯರು ಆ ಸೈಕಲ್ಲನ್ನು ತಳ್ಳಿಕೊಂಡೇ ಮನೆಗೆ ಹೋದರು. ತುಳಿಯಲು ಬರುತ್ತಿರಲಿಲ್ಲ. ಸ್ವಲ್ಪ ದಿನದಲ್ಲಿ ಅವು ಅಣ್ಣಂದಿರ ಪಾಲಾದವು. ಅಣ್ಣನ ಸೈಕಲ್ಲಿನಲ್ಲಿ ಒಳಪೆಡಲು ಹಾಕಿ ಕಲಿತಿದ್ದ ನಾನೂ ಅವರಿಗೆ ಕಲಿಸಲಿಲ್ಲ. ಹೊಳೆಯಲೇ ಇಲ್ಲ.

ಬೆಟ್ಟವೇ ಬೇಕೆಂದಿಲ್ಲ. ನಿಮ್ಮ ಮನೆಯಂಗಳದಲ್ಲಿ ಸುಣ್ಣದ ಎರಡು ಗೆರೆ ಎಳೆಯಿರಿ. ಅವುಗಳ ನಡುವೆ ಮಗಳು ನಿಧಾನವಾಗಿ ಹೋಗಲಿ. ಒಂದು ಕಲ್ಲಿಟ್ಟು, ಅದರ ಬಳಿ ಒಂದೇ ಬೆರಳಿನ ಬ್ರೇಕಿನಲ್ಲಿ ನಿಲ್ಲಲಿ. ಸೀಟು ಬಿಟ್ಟು ಪೆಡಲಿನ ಮೇಲೆ ನಿಲ್ಲಲಿ. ತಲೆಗೆ ಹೆಲ್ಮೆಟ್ ಮರೆಯದಿರಿ. ದಿನಕ್ಕೆ ಕಾಲು ಗಂಟೆ ಸಾಕು. ನಮ್ಮ ಶಾಲೆಯ ಮೈದಾನದಲ್ಲಿ ಈಗ ಶನಿವಾರಗಳಂದು ಆ ಗೆರೆ ಎಳೆಯುತ್ತಿದ್ದೇನೆ. ಮೊದಲ ವಾರ ನಾಲ್ಕು ಹುಡುಗಿಯರು ಬಂದರು, ಮೊನ್ನೆ ಹನ್ನೊಂದು.