ಎಡೆದೊರೆಯಲ್ಲೊಂದು ಸುತ್ತು

ರಾಯಚೂರು ಅಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಬಿಸಿಲು, ಆಮೇಲೆ ಶಕ್ತಿನಗರದ ಕರೆಂಟು. ಹೊಳೆಗಳ ಮಾತು ಬರುವುದೇ ಇಲ್ಲ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ. ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದವು. ಬಹಮನಿಯವರೂ ವಿಜಯನಗರದವರೂ ತಲೆಮಾರುಗಟ್ಟಲೆ ಇದಕ್ಕಾಗಿ ಬಡಿದಾಡಿದರು. ಅಂಥ ಸೀಮೆಯನ್ನು ಬಿಸಿಲಿನ ಲೆಕ್ಕದಲ್ಲೇ ಮುಗಿಸಿಬಿಟ್ಟರೆ ನನಗೆ ಸಂಕಟವಾಗುತ್ತದೆ.

ರಾಯಚೂರಿಗೆ ಬಂದವರು ಮೊದಲು ಕೋಟೆಯ ಪಡುವಣ ಗೋಡೆಯ ಹತ್ತಿರ ಹೋಗಬೇಕು. 1294ರಲ್ಲಿ, ಕಾಕತೀಯರ ಕಾಲಕ್ಕೆ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ ಕೋಟೆ. ಅಲ್ಲಿ 41 ಅಡಿ 8 ಅಂಗುಲ ಉದ್ದದ ಒಂದೇ ಕಲ್ಲಿನ ಮೇಲೆ ಶಾಸನವಿದೆ. ಅಷ್ಟು ದೊಡ್ಡ ಕಲ್ಲನ್ನು ಇಲ್ಲಿಗೆ ತಂದದ್ದು ಹೇಗೆ? ಉತ್ತರವನ್ನೂ ಅವರೇ ಗೋಡೆಯ ಮೇಲೆ ಕೊರೆದಿಟ್ಟಿದ್ದಾರೆ: ಬಂಡಿಯ ಮೇಲೆ ಕಲ್ಲು, ಮುಂದೆ ಸಾಲುಸಾಲು ಕೋಣಗಳು, ಚಾಟಿ ಎತ್ತಿದ ಆಳುಗಳು, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. ಕಟ್ಟಿಸಿದವರ ಹೆಸರು ಎಲ್ಲ ಕೋಟೆಗಳಲ್ಲೂ ಸಿಗುತ್ತದೆ. ಹೊತ್ತವರ ಚಿತ್ರ ಸಿಗುವುದು ಅಪರೂಪ. ನನ್ನ ಮಟ್ಟಿಗೆ ಇಡೀ ಕೋಟೆಯಲ್ಲಿ ಇದಕ್ಕಿಂತ ಬೆಲೆಬಾಳುವ ಜಾಗ ಇನ್ನೊಂದಿಲ್ಲ.

1520ರ ಮೇ ತಿಂಗಳಲ್ಲಿ, ರಾಯಚೂರಿನ ಬಿಸಿಲಿಗೂ ಅಂಜದೆ, ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ. ಪೋರ್ಚುಗೀಸ್ ಬಂದೂಕಿನವರು ಇದೇ ಕೋಟೆಯ ಗೋಡೆಯ ಮೇಲಿನ ಕಾವಲಿನವರನ್ನು ಹೊಡೆಯುತ್ತಿದ್ದರೆ, ರಾಯನ ಮಂದಿ ಕೆಳಗಿಂದ ಕಲ್ಲು ಕಿತ್ತರಂತೆ, ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. 

ದೇವದುರ್ಗದ ದಾರಿಯಲ್ಲಿ ಗಬ್ಬೂರಿನ ಹಳೆಯ ಗುಡಿಗಳಿಗೆ ಒಂದು ಹೊತ್ತು ಕೊಡಿ. ಅಲ್ಲಿಂದ ಗೂಗಲ್ಲಿಗೆ ಹೋದರೆ ಅಲ್ಲಮಪ್ರಭುವಿನ ಗುಡಿ, ಪಕ್ಕದಲ್ಲೇ ಕೃಷ್ಣೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಂಡೆಗಳೆಲ್ಲ ಮೈದೋರುತ್ತವೆ. ನೀರು ಅವುಗಳ ಸಂದಿಯಲ್ಲಿ ಕವಲೊಡೆದು ಹರಿಯುತ್ತದೆ. ಕಾಲು ನೆನೆಸಬೇಕೆಂದು ಯಾರಿಗಾದರೂ ಅನಿಸೀತು. ಆದರೆ ದಂಡೆಯವರು ಬಿಡುವುದಿಲ್ಲ: “ನೀರಾಗ ಇಳಿಬ್ಯಾಡ್ರಿ, ಮೊಸಳಿ ಅದಾವ.” ಆ ಮಾತು ಕೇಳಿ.

ಇದೇ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹರಿದಾಸರಾದ ಗೋಪಾಲದಾಸರು ಹುಟ್ಟಿದರು. ಅವರ ಗುರು ವಿಜಯದಾಸರು ಮಾನ್ವಿ ಕಡೆಯ, ತುಂಗಭದ್ರೆಯ ದಂಡೆಯ ಚೀಕಲಪರ್ವಿಯವರು. ಶಿಷ್ಯ ಜಗನ್ನಾಥದಾಸರೂ ಮಾನ್ವಿ ಸೀಮೆಯ ಬ್ಯಾಗವಟ್ಟಿಯವರು, ‘ಹರಿಕಥಾಮೃತಸಾರ’ ಬರೆದವರು. ಕಾಯಿಲೆ ಬಿದ್ದ ಜಗನ್ನಾಥದಾಸರಿಗೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆಯೆರೆದರು ಎಂದು ಭಕ್ತರು ಇಂದಿಗೂ ಹೇಳುತ್ತಾರೆ. ಅರಸರು ಕಿತ್ತುಕೊಳ್ಳಲು ಬಂದ ನೆಲದಲ್ಲಿ ಕೊಟ್ಟವರ ಕಥೆಯೂ ಉಳಿದಿದೆಯಲ್ಲ, ಅದು ನನಗೆ 1520ರ ಗೆಲುವಿಗಿಂತ ದೊಡ್ಡದು.

ಮಾನ್ವಿಯಲ್ಲಿ ಜಗನ್ನಾಥದಾಸರ ಕಂಬದ ಸನ್ನಿಧಿ ನೋಡಿ, ರಾಜೋಳಿಬಂಡೆಯವರೆಗೂ ಹೋಗಿ ತುಂಗಭದ್ರೆಯ ಅಣೆಕಟ್ಟು ಕಂಡು ಬನ್ನಿ. ದೀಪಾವಳಿಯಿಂದ ಶಿವರಾತ್ರಿಯೊಳಗೆ ಬಂದರೆ ತಿರುಗಾಟ ಹಗುರ. ಮಕ್ಕಳನ್ನು ಕರೆತನ್ನಿ, ಕೋಟೆಯ ಗೋಡೆಯ ಮೇಲಿನ ಕೋಣಗಳ ಸಾಲನ್ನು ಅವರಿಗೆ ತೋರಿಸಿ. ಯಾರಾದರೂ ಅದರ ಪಕ್ಕ ಹೆಸರು ಕೆತ್ತಲು ಹೊರಟರೆ ದಯವಿಟ್ಟು ತಡೆಯಿರಿ.